ಮಗು ಬದುಕುಳಿಯಲು ದುಡ್ಡೊಂದೇ ಸಾಕೇ? ಅಂಕಿಅಂಶಗಳು ಹೇಳುವುದೇ ಬೇರೆ

ಮಕ್ಕಳ ಸಾವಿನ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಮೂರು ಮಾತುಗಳು ಸುತ್ತಾಡುತ್ತವೆ. ಒಂದು, ಬಡ ದೇಶಗಳಲ್ಲಿ ಮಕ್ಕಳು ಸಾಯುವುದು ಬಡತನದಿಂದ, ದೇಶ ಶ್ರೀಮಂತವಾಗುವವರೆಗೆ ಏನೂ ಮಾಡಲಾಗದು. ಎರಡು, ನಮ್ಮ ಅಜ್ಜಿಯರ ಕಾಲದಲ್ಲಿ ಲಸಿಕೆ, ಆಸ್ಪತ್ರೆ ಯಾವುದೂ ಇಲ್ಲದೆ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯುತ್ತಿದ್ದರು. ಮೂರು, ಮಕ್ಕಳೆಲ್ಲ ಬದುಕಿಬಿಟ್ಟರೆ ಜನಸಂಖ್ಯೆ ಇನ್ನಷ್ಟು ಏರುತ್ತದೆ.

ಮೂರೂ ಕೇಳಲು ಸರಿ ಎನಿಸುತ್ತವೆ. ಮೊದಲನೆಯದು ಅರ್ಧ ಸತ್ಯ, ಉಳಿದೆರಡು ತಪ್ಪು. ಒಂದು ಮಗು ಐದನೇ ಹುಟ್ಟುಹಬ್ಬ ಕಾಣುತ್ತದೆಯೋ ಇಲ್ಲವೋ ಎಂಬುದನ್ನು ಹಣದಷ್ಟೇ, ಕೆಲವೊಮ್ಮೆ ಹಣಕ್ಕಿಂತ ಹೆಚ್ಚಾಗಿ, ಇನ್ನೆರಡು ಸಂಗತಿಗಳು ನಿರ್ಧರಿಸುತ್ತವೆ. ಮನೆಯಲ್ಲಿ ತಾಯಿಯ ಮಾತಿಗೆ ಬೆಲೆ ಇದೆಯೇ? ಊರಿನಲ್ಲಿ ಸರ್ಕಾರವನ್ನು ಪ್ರಶ್ನಿಸುವವರು ಇದ್ದಾರೆಯೇ? ಇದನ್ನು ಒಂದೊಂದಾಗಿ ನೋಡೋಣ.

ಮೊದಲು ಅಂಕಿಗಳು

ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲು ಎಷ್ಟು ಮಕ್ಕಳು ಸಾಯುತ್ತಾರೆ ಎಂಬ ಲೆಕ್ಕವೇ ಐದು ವರ್ಷದೊಳಗಿನ ಮಕ್ಕಳ ಮರಣ ಪ್ರಮಾಣ. ಒಂದು ದೇಶದ ಆರೋಗ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಕಡಿಮೆ. ನೀರು, ಊಟ, ಶೌಚಾಲಯ, ಆಸ್ಪತ್ರೆ, ತಾಯಿಯ ಸ್ಥಿತಿ ಎಲ್ಲವೂ ಈ ಒಂದೇ ಸಂಖ್ಯೆಯಲ್ಲಿ ಕಾಣುತ್ತವೆ.

ವಿಶ್ವಸಂಸ್ಥೆಯ ಅಂದಾಜಿನಂತೆ 1990ರಲ್ಲಿ ಜಗತ್ತಿನಲ್ಲಿ ಈ ಪ್ರಮಾಣ 93 ಇತ್ತು. 2022ಕ್ಕೆ ಅದು 37ಕ್ಕೆ ಇಳಿಯಿತು. 1990ರಲ್ಲಿ ಸುಮಾರು 1.28 ಕೋಟಿ ಪುಟ್ಟ ಮಕ್ಕಳು ಸತ್ತಿದ್ದರೆ, 2022ರಲ್ಲಿ ಸತ್ತವರು ಸುಮಾರು 49 ಲಕ್ಷ. ಅಂದರೆ ಏನೂ ಮಾಡಲಾಗದು ಎಂಬ ಮಾತು ನಮ್ಮ ಕಣ್ಣೆದುರೇ ಸುಳ್ಳಾಗಿದೆ.

ಅಜ್ಜಿಯರ ಕಾಲದ ವಿಷಯಕ್ಕೆ ಬರೋಣ. 1950ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಐದು ವರ್ಷದೊಳಗೇ ಸಾಯುತ್ತಿತ್ತು. 'ಹೆತ್ತಿದ್ದು ಎಂಟು, ಉಳಿದಿದ್ದು ಐದು' ಎಂದು ಹಿರಿಯರು ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ನಾವು ಇಂದು ನೋಡುವ ಗಟ್ಟಿಮುಟ್ಟಾದ ಹಿರಿಯರು ಆ ಉಳಿದ ಐವರು. ಹೋದ ಮೂವರ ಫೋಟೊ ಯಾರ ಮನೆಯ ಗೋಡೆಯ ಮೇಲೂ ಇರುವುದಿಲ್ಲ. ಅದಕ್ಕೇ ಆ ಕಾಲ ಆರೋಗ್ಯದ ಕಾಲವೆಂದು ನಮಗೆ ತೋರುತ್ತದೆ.

ದುಡ್ಡಿದ್ದರೆ ಸಾಕೇ?

ಬಡತನ ಮಕ್ಕಳನ್ನು ಕೊಲ್ಲುತ್ತದೆ ಎಂಬುದು ನಿಜ. ಒಂದೇ ದೇಶದೊಳಗೆ ನೋಡಿದರೂ ಬಡ ಮನೆಗಳಲ್ಲಿ ಮಕ್ಕಳ ಸಾವು ಹೆಚ್ಚು. ಆದರೆ ದೇಶದ ಆದಾಯಕ್ಕೂ ಮಕ್ಕಳ ಉಳಿವಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಬಿಗಿಯಲ್ಲ.

ಆಫ್ರಿಕದ ಈಕ್ವಟೋರಿಯಲ್ ಗಿನಿ 1990ರ ದಶಕದಲ್ಲಿ ಪೆಟ್ರೋಲಿಯಂ ಸಿಕ್ಕಿ ಶ್ರೀಮಂತವಾದ ದೇಶ. ಅದರ ತಲಾ ಆದಾಯ ಭಾರತದ ಎರಡು ಪಟ್ಟಿಗಿಂತ ಹೆಚ್ಚು. ಆದರೂ ಅಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣ ಪ್ರಮಾಣ 70ರ ಆಸುಪಾಸಿನಲ್ಲಿದೆ. ಭಾರತದ್ದು 2022ರಲ್ಲಿ ಸುಮಾರು 29. ನಮ್ಮ ನೆರೆಯ ಶ್ರೀಲಂಕಾ ಶ್ರೀಮಂತ ದೇಶವಲ್ಲ, ಕಾಲು ಶತಮಾನ ಒಳಯುದ್ಧವನ್ನೂ ಕಂಡಿತು. ಅಲ್ಲಿ ಈ ಪ್ರಮಾಣ 10ಕ್ಕಿಂತ ಕಡಿಮೆ, ಅಮೆರಿಕದ ಮಟ್ಟಕ್ಕೆ ಹತ್ತಿರ.

ಬಾಂಗ್ಲಾದೇಶದ ಕಥೆ ಇನ್ನೂ ಕುತೂಹಲದ್ದು. 1990ರಲ್ಲಿ ಅಲ್ಲಿನ ಮರಣ ಪ್ರಮಾಣ ಭಾರತಕ್ಕಿಂತ ಹೆಚ್ಚಿತ್ತು, ಸುಮಾರು 145. ಆಗ ಭಾರತದ್ದು ಸುಮಾರು 127. ಮುಂದಿನ ಹೆಚ್ಚಿನ ವರ್ಷಗಳಲ್ಲಿ ಬಾಂಗ್ಲಾದೇಶ ನಮಗಿಂತ ಬಡ ದೇಶವಾಗಿಯೇ ಇತ್ತು. ಆದರೂ 2022ರ ಹೊತ್ತಿಗೆ ಎರಡೂ ದೇಶಗಳು 29ರ ಹತ್ತಿರ ಬಂದು ನಿಂತವು. ಹಿಂದೆ ಇದ್ದವರು ನಮ್ಮ ಸಮಕ್ಕೆ ಬಂದರು.

ಭಾರತದೊಳಗೇ ನೋಡಿ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಪ್ರಮಾಣ 5.2, ಕರ್ನಾಟಕದ್ದು 29.5, ಉತ್ತರ ಪ್ರದೇಶದ್ದು 59.8. ಒಂದೇ ಸಂವಿಧಾನ, ಒಂದೇ ಲಸಿಕೆ, ಒಂದೇ ಓಆರ್‌ಎಸ್ ಪೊಟ್ಟಣ. ಆದರೂ ಉತ್ತರ ಪ್ರದೇಶದಲ್ಲಿ ಹುಟ್ಟಿದ ಮಗು ಸಾಯುವ ಸಾಧ್ಯತೆ ಕೇರಳದ ಮಗುವಿಗಿಂತ 11 ಪಟ್ಟು ಹೆಚ್ಚು. ಕೇರಳ ಇಂದು ಶ್ರೀಮಂತ ರಾಜ್ಯ ಎಂದು ನೀವು ಹೇಳಬಹುದು. ಆದರೆ ಮಕ್ಕಳ ಉಳಿವಿನಲ್ಲಿ ಅದು ಉಳಿದವರನ್ನು ಹಿಂದೆ ಹಾಕಿದ್ದು 1970ರ ದಶಕದಷ್ಟು ಹಿಂದೆಯೇ. ಆಗ ಅದರ ತಲಾ ಆದಾಯ ದೇಶದ ಸರಾಸರಿಗಿಂತ ಕಡಿಮೆ ಇತ್ತು.

ಮನೆಯಲ್ಲಿ ಯಾರ ಮಾತು ನಡೆಯುತ್ತದೆ?

ಆಸ್ಟ್ರೇಲಿಯದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯದ ಅಂಕಿಅಂಶಗಳನ್ನು ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಗಂಡನ ಉದ್ಯೋಗ, ಮನೆಯ ಆದಾಯ, ವಾಸದ ಜಾಗ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತಾಯಿ ಶಾಲೆಗೆ ಹೋಗಿದ್ದಾಳೆಯೇ ಎಂಬುದು ಮಗುವಿನ ಉಳಿವನ್ನು ಬಲವಾಗಿ ನಿರ್ಧರಿಸುತ್ತದೆ ಎಂದು ಅವರು ತೋರಿಸಿದರು.

ಶಾಲೆಯಲ್ಲಿ ಯಾರೂ ಭೇದಿಗೆ ಔಷಧಿ ಹೇಳಿಕೊಡುವುದಿಲ್ಲವಲ್ಲ, ಮತ್ತೆ ಇದು ಹೇಗೆ? ಕಾಲ್ಡ್‌ವೆಲ್ ಕೊಟ್ಟ ಉತ್ತರ ಸರಳ. ಶಾಲೆ ಕಂಡ ಹೆಣ್ಣುಮಗಳು ಎಲ್ಲವನ್ನೂ ಹಣೆಬರಹಕ್ಕೆ ಬಿಡುವುದು ಕಡಿಮೆ. ಆಸ್ಪತ್ರೆಯಲ್ಲಿ ನರ್ಸ್ ಮುಂದೆ ನಿಂತು ಮಾತನಾಡಲು ಅಂಜುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯೊಳಗೆ ಆಕೆಯ ಮಾತಿಗೆ ತೂಕ ಬರುತ್ತದೆ.

ಇದೇ ಕಾಲ್ಡ್‌ವೆಲ್ ಮುಂದೆ ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಜೊತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲೇ ಅಧ್ಯಯನ ನಡೆಸಿದರು. ಅದರ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಅವರು ಕಂಡದ್ದು ನಮಗೆಲ್ಲ ಗೊತ್ತಿರುವ ಚಿತ್ರವೇ. ಮಗುವಿಗೆ ಹುಷಾರಿಲ್ಲದಾಗ ಏನು ಮಾಡಬೇಕೆಂದು ತೀರ್ಮಾನಿಸುವವರು ಅತ್ತೆ, ಮಾವ, ಗಂಡ. ಚಿಕ್ಕ ವಯಸ್ಸಿನ ಸೊಸೆ ಮಗುವಿನ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗಮನಿಸಿದರೂ ಬಾಯಿ ಬಿಡುವಂತಿಲ್ಲ. ಓದಿದ ಸೊಸೆಯ ವಿಷಯದಲ್ಲಿ ಮಾತ್ರ ಇದು ಬದಲಾಗುತ್ತಿತ್ತು. ಆಕೆ ಮಾತನಾಡುತ್ತಿದ್ದಳು. ಅತ್ತೆಯೂ 'ಓದಿದವಳು, ಅವಳಿಗೆ ತಿಳಿದಿರುತ್ತದೆ' ಎಂಬಂತೆ ಸ್ವಲ್ಪ ಜಾಗ ಬಿಡುತ್ತಿದ್ದಳು.

ನಲವತ್ತು ವರ್ಷದ ಹಿಂದಿನ ಈ ಮಾತು ದೊಡ್ಡ ಅಂಕಿಅಂಶಗಳಲ್ಲೂ ನಿಂತಿದೆ. 175 ದೇಶಗಳ ಲೆಕ್ಕ ನೋಡಿದ ಒಂದು ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1970ರಿಂದ 2009ರವರೆಗೆ ಮಕ್ಕಳ ಸಾವಿನಲ್ಲಿ ಆದ ಇಳಿಕೆಯ ಅರ್ಧದಷ್ಟಕ್ಕೆ ಹೆಣ್ಣುಮಕ್ಕಳ ಓದು ಹೆಚ್ಚಿದ್ದೇ ಕಾರಣ ಎಂದು ಅದು ಅಂದಾಜಿಸಿತು.

ತಾಯಂದಿರ ಸಾವಿನ ಬಗ್ಗೆ ಮಾತನಾಡುವಾಗ ಆರೋಗ್ಯ ತಜ್ಞರು ಮೂರು ವಿಳಂಬಗಳನ್ನು ಹೆಸರಿಸುತ್ತಾರೆ. ಆಸ್ಪತ್ರೆಗೆ ಹೋಗೋಣ ಎಂದು ತೀರ್ಮಾನಿಸುವುದರಲ್ಲಿ ತಡ, ಆಸ್ಪತ್ರೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಮಕ್ಕಳಿಗೂ ಇದೇ ಲೆಕ್ಕ. ಮೊದಲ ತಡ ಮನೆಯದು, ಉಳಿದೆರಡು ಊರಿನವು, ಸರ್ಕಾರದವು. ಭಾರತದಲ್ಲಿ ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ 10ಕ್ಕೆ ಸುಮಾರು 6 ಮಕ್ಕಳು ಹುಟ್ಟಿದ ಮೊದಲ 28 ದಿನಗಳಲ್ಲೇ ಸಾಯುತ್ತಾರೆ. ಅಷ್ಟು ಎಳೆಯ ಮಗುವಿನ ವಿಷಯದಲ್ಲಿ ಅರ್ಧ ದಿನದ ತಡವೂ ದುಬಾರಿ.

ಬಾಣಂತನದ ದಿನಗಳಲ್ಲಿ ಸಂಪ್ರದಾಯದ ಮಾತೇ ಮೇಲುಗೈ ಆಗುವುದು ನಮ್ಮಲ್ಲಿ ಸಾಮಾನ್ಯ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆ ಗುಡಿಸಲಿನಲ್ಲಿ ಇರಿಸಿದ್ದಾಗ ಕೂಸು ತೀರಿಕೊಂಡ ಸುದ್ದಿ ರಾಜ್ಯದಾದ್ಯಂತ ಚರ್ಚೆಯಾಯಿತು. ಹಸುಗೂಸಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಕಡಿಮೆ, ಮಳೆ ಗಾಳಿ ಅದಕ್ಕೆ ನೇರ ಅಪಾಯ. ಇದು ಯಾವುದೋ ಒಂದು ಸಮುದಾಯದ ಮಾತಲ್ಲ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ತಕ್ಷಣ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದು ಓದಿದ ಪಟ್ಟಣದ ಮನೆಗಳಲ್ಲೂ ಇದೆ. ಇದೇ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಶೇ. 42 ಮಾತ್ರ.

ಹೆಣ್ಣು ಮಗು ಎಂಬ ಕಾರಣಕ್ಕೆ

ನಿಸರ್ಗದ ಲೆಕ್ಕದಲ್ಲಿ ಹೆಣ್ಣು ಶಿಶು ಗಂಡು ಶಿಶುವಿಗಿಂತ ಗಟ್ಟಿ. ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲಿ ಐದು ವರ್ಷದೊಳಗೆ ಸಾಯುವವರಲ್ಲಿ ಗಂಡು ಮಕ್ಕಳೇ ಹೆಚ್ಚು. ಆದರೆ ಭಾರತದಲ್ಲಿ ಹಲವು ದಶಕಗಳ ಕಾಲ ಹೆಣ್ಣು ಮಕ್ಕಳ ಮರಣ ಪ್ರಮಾಣವೇ ಹೆಚ್ಚಿತ್ತು. ಈ ಅಂತರ ಇತ್ತೀಚಿನ ವರ್ಷಗಳಲ್ಲಷ್ಟೇ ಕಿರಿದಾಗಿದೆ.

ಜನಸಂಖ್ಯಾ ತಜ್ಞೆ ಮೋನಿಕಾ ದಾಸ್ ಗುಪ್ತಾ 1987ರಲ್ಲಿ ಪಂಜಾಬಿನ ಹಳ್ಳಿಗಳ ಬಗ್ಗೆ ಬರೆದ ಪ್ರಬಂಧ ಇದರ ಒಳಗನ್ನು ತೆರೆದಿಟ್ಟಿತು. ಅಲ್ಲಿ ಎಲ್ಲ ಹೆಣ್ಣು ಮಕ್ಕಳೂ ಒಂದೇ ರೀತಿ ಅಪಾಯದಲ್ಲಿರಲಿಲ್ಲ. ಈಗಾಗಲೇ ಅಕ್ಕ ಇರುವ ಮನೆಯಲ್ಲಿ ಹುಟ್ಟಿದ ಹೆಣ್ಣು ಮಗುವಿಗೆ ಅಪಾಯ ಬಹಳ ಹೆಚ್ಚಿತ್ತು. ಪಂಜಾಬ್ ಆಗ ದೇಶದ ಅತಿ ಸಮೃದ್ಧ ರಾಜ್ಯಗಳಲ್ಲಿ ಒಂದು. ಮನೆಯಲ್ಲಿ ಗೋಧಿ ಇತ್ತು, ಹಾಲು ಇತ್ತು. ಆದರೆ ಎರಡನೇ ಹೆಣ್ಣು ಮಗುವಿಗೆ ಜ್ವರ ಬಂದರೆ ವೈದ್ಯರ ಬಳಿ ಓಡುವ ಆತುರ ಇರಲಿಲ್ಲ. ಬಡತನವೊಂದೇ ಕಾರಣವಲ್ಲ ಎನ್ನುವುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ.

ಉಪ್ಪು, ಬೆಲ್ಲ, ನೀರು ಮತ್ತು ಗಂಡಸರು

1971ರಲ್ಲಿ ಬಾಂಗ್ಲಾ ವಿಮೋಚನೆಯ ಸಂದರ್ಭದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇ. 30 ಇದ್ದ ಸಾವು ಶೇ. 4ಕ್ಕಿಂತ ಕೆಳಗೆ ಇಳಿಯಿತು. ಇದೇ ಇಂದಿನ ಓಆರ್‌ಎಸ್. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಔಷಧಿ ಸಿಕ್ಕಿತು. ಆದರೆ ಅದು ಮನೆಮನೆಗೆ ತಲುಪಬೇಕಲ್ಲ? ಬಾಂಗ್ಲಾದೇಶದ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆ 1980ರಿಂದ 1990ರವರೆಗೆ ಹಳ್ಳಿಯ ಹೆಣ್ಣುಮಕ್ಕಳನ್ನು ಮನೆಮನೆಗೆ ಕಳುಹಿಸಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕವನ್ನು ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಕಲಿಸಿತು. ತಾಯಿ ಎಷ್ಟು ಸರಿಯಾಗಿ ಕಲಿತಿದ್ದಾಳೆ ಎಂದು ಆಮೇಲೆ ಬೇರೆಯವರು ಹೋಗಿ ಪರೀಕ್ಷಿಸುತ್ತಿದ್ದರು. ಕಲಿಸಿದವರ ಸಂಬಳ ಅದನ್ನು ಅವಲಂಬಿಸಿತ್ತು.

ಆದರೂ ಮೊದಮೊದಲು ಕಲಿತ ತಾಯಂದಿರಲ್ಲಿ ಅನೇಕರು ಅದನ್ನು ಬಳಸುತ್ತಿರಲಿಲ್ಲ. ವಿಚಾರಿಸಿದಾಗ ತಿಳಿದ ಕಾರಣಗಳಲ್ಲಿ ಒಂದು, ಮನೆಯ ಗಂಡಸರಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಆಗ ಬ್ರಾಕ್ ಗಂಡಸರಿಗಾಗಿಯೇ ಸಂತೆಗಳಲ್ಲಿ, ಮಸೀದಿಗಳಲ್ಲಿ, ಶಾಲೆಗಳಲ್ಲಿ ಸಭೆ ನಡೆಸಿತು. ಆಮೇಲೆ ಬಳಕೆ ಏರಿತು. ಇಂದು ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕೊಡುವ ಮನೆಗಳು ಬಾಂಗ್ಲಾದೇಶದಲ್ಲಿ ಬಹಳ. ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕವರು ಶೇ. 61ರಷ್ಟು. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ, ಅಂಗನವಾಡಿಯಲ್ಲಿ ಬಿಟ್ಟಿಯಾಗಿ ಸಿಗುವ ಪೊಟ್ಟಣ ಉಳಿದವರಿಗೆ ಸಿಗದಿರಲು ಬಡತನವೊಂದನ್ನೇ ದೂರಿದರೆ ಆಗದು.

ಇದರಲ್ಲಿ ರಾಜಕೀಯ ಎಲ್ಲಿ ಬಂತು?

ಆರೋಗ್ಯದ ವಿಷಯದಲ್ಲಿ ರಾಜಕೀಯ ಬೇಡ ಎಂಬುದು ಇನ್ನೊಂದು ಜನಪ್ರಿಯ ಸಂದೇಶ. ಪಕ್ಷಗಳ ಜಗಳ ಬೇಡ ಎಂದಾದರೆ ಒಪ್ಪೋಣ. ಆದರೆ ಸರ್ಕಾರದ ದುಡ್ಡು ಎಲ್ಲಿ ಹೋಗಬೇಕು, ಡಾಕ್ಟರು ಬಾರದಿದ್ದರೆ ಯಾರು ಉತ್ತರ ಕೊಡಬೇಕು ಎಂಬುದೆಲ್ಲ ರಾಜಕೀಯವೇ.

ಶ್ರೀಲಂಕಾದಲ್ಲಿ 1931ರಲ್ಲೇ, ಬ್ರಿಟಿಷರ ಆಳ್ವಿಕೆ ಇದ್ದಾಗಲೇ, ಗಂಡು ಹೆಣ್ಣು ಎನ್ನದೆ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂತು. ಮತ ಕೇಳಲು ಬಂದವರು ಹಳ್ಳಿಗೆ ಶಾಲೆ, ಆಸ್ಪತ್ರೆ ಕೊಡಬೇಕಾಯಿತು. 1940ರ ದಶಕದಲ್ಲಿ ಉಚಿತ ಶಿಕ್ಷಣ ಬಂತು. ಮನೆಮನೆಗೆ ಹೋಗುವ ತರಬೇತಿ ಪಡೆದ ಸೂಲಗಿತ್ತಿಯರ ಜಾಲ ಬೆಳೆಯಿತು.

ಕೇರಳದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಜೋನ್ ಮೆಂಚರ್ 1980ರಲ್ಲಿ ಒಂದು ಸಂಗತಿ ದಾಖಲಿಸಿದರು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವು ದಿನ ಸಿಬ್ಬಂದಿ ಇಲ್ಲವೆಂದರೆ ಜನ ಹತ್ತಿರದ ಕಲೆಕ್ಟರ್ ಕಚೇರಿಗೆ ಮೆರವಣಿಗೆ ಹೋಗುತ್ತಿದ್ದರು. ಆರೋಗ್ಯ ಕೇಂದ್ರದ ಕಟ್ಟಡ ಎಲ್ಲ ರಾಜ್ಯಗಳಲ್ಲೂ ಇತ್ತು. ಬಾಗಿಲು ಹಾಕಿದ್ದರೆ ಗಲಾಟೆ ಮಾಡುವ ಜನ ಎಲ್ಲ ಕಡೆ ಇರಲಿಲ್ಲ.

ಅಧಿಕಾರದಲ್ಲಿ ಯಾರು ಕೂರುತ್ತಾರೆ ಎಂಬುದೂ ಮುಖ್ಯ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಬಂದ ಮೇಲೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತೆರ್ ಡುಫ್ಲೋ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ ಪಂಚಾಯಿತಿಗಳು ಎರಡೂ ರಾಜ್ಯಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಖರ್ಚು ಮಾಡಿದ್ದವು. ನೀರು ಹೊರುವವರಿಗೆ ನೀರಿನ ಕಷ್ಟ ಗೊತ್ತು. ಶುದ್ಧ ನೀರು ಎಂದರೆ ಮಕ್ಕಳಿಗೆ ಭೇದಿ ಕಡಿಮೆ.

ನಮ್ಮ ರಾಜ್ಯದಲ್ಲೂ ಮಂಡ್ಯ, ಮಂಗಳೂರಿನ ಮಗುವಿಗೆ ಸಿಗುವುದು ರಾಯಚೂರು, ಯಾದಗಿರಿಯ ಮಗುವಿಗೆ ಸಿಗುವುದಿಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅತಿ ಹಿಂದುಳಿದ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿದ್ದು ಅಲ್ಲಿನ ಜನರ ದೀರ್ಘ ಹೋರಾಟದಿಂದ.

ಯುದ್ಧದ ನಡುವೆಯೂ ಇದು ಸಾಧ್ಯ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ 1985ರಲ್ಲಿ ಒಳಯುದ್ಧ ಉರಿಯುತ್ತಿತ್ತು. ಯುನಿಸೆಫ್ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಅವರ ಪ್ರಯತ್ನ ಮತ್ತು ಚರ್ಚ್‌ನ ಮಧ್ಯಸ್ಥಿಕೆಯಿಂದ ಸರ್ಕಾರವೂ ಬಂಡುಕೋರರೂ ಮೂರು ದಿನ ಬಂದೂಕು ಕೆಳಗಿಟ್ಟರು. ಆ ಮೂರು ದಿನಗಳಲ್ಲಿ ಸುಮಾರು ಎರಡೂವರೆ ಲಕ್ಷ ಮಕ್ಕಳಿಗೆ ಲಸಿಕೆ ಹಾಕಲಾಯಿತು.

ವದಂತಿಗೂ ಸಾವಿಗೂ ಇರುವ ನಂಟು

2003ರಲ್ಲಿ ಉತ್ತರ ನೈಜೀರಿಯದ ಕಾನೊ ಮತ್ತಿತರ ರಾಜ್ಯಗಳಲ್ಲಿ, ಪೋಲಿಯೊ ಹನಿಯಲ್ಲಿ ಮಕ್ಕಳಾಗದಂತೆ ಮಾಡುವ ಔಷಧಿ ಬೆರೆಸಿದ್ದಾರೆ ಎಂಬ ಸುಳ್ಳು ಹಬ್ಬಿತು. ಲಸಿಕೆ ನಿಂತಿತು. ಕಾನೊದಲ್ಲಿ ಮತ್ತೆ ಶುರುವಾಗಲು 2004ರ ಮಧ್ಯಭಾಗ ಬೇಕಾಯಿತು. ಅಷ್ಟರಲ್ಲಿ ಅಲ್ಲಿನ ವೈರಸ್ ಗಡಿ ದಾಟಿತ್ತು. ಮುಂದೆ ಸುಮಾರು 20 ದೇಶಗಳಿಗೆ ಹರಡಿ ಇಂಡೊನೇಷ್ಯದವರೆಗೆ ತಲುಪಿತು.

ಅಪನಂಬಿಕೆ ಗಾಳಿಯಿಂದ ಹುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. ಒಸಾಮ ಬಿನ್ ಲಾಡೆನ್‌ನ ಸುಳಿವು ಹುಡುಕಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಲಸಿಕಾ ಅಭಿಯಾನವನ್ನು ಮರೆಯಾಗಿ ಬಳಸಿಕೊಂಡದ್ದು 2011ರಲ್ಲಿ ಬಯಲಾಯಿತು. ಆಮೇಲೆ ಅಲ್ಲಿ ಪೋಲಿಯೊ ಕಾರ್ಯಕರ್ತೆಯರ ಮೇಲೆ ದಾಳಿಗಳು ನಡೆದವು. ಇನ್ನು ಮುಂದೆ ಲಸಿಕೆಯನ್ನು ಗೂಢಚರ್ಯೆಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಘೋಷಿಸಿತು. ದೊಡ್ಡವರ ಆಟಕ್ಕೆ ಬೆಲೆ ತೆತ್ತವರು ಮಕ್ಕಳು.

ನಮ್ಮಲ್ಲೂ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಬೆಂಗಳೂರಿನಿಂದ ಆರಂಭವಾದಾಗ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ವಾಟ್ಸಾಪ್ ವದಂತಿಗಳು ಅನೇಕ ಪೋಷಕರನ್ನು ಹೆದರಿಸಿದವು. ಎಲ್ಲರಿಗಿಂತ ಮುಂದಿರುವ ಕೇರಳದಲ್ಲೂ, ಲಸಿಕೆ ಕಡಿಮೆಯಾಗಿದ್ದ ಮಲಪ್ಪುರಂ ಜಿಲ್ಲೆಯಲ್ಲಿ 2016ರಲ್ಲಿ ಗಂಟಲುಮಾರಿ ಮರಳಿ ಬಂದು ಮಕ್ಕಳ ಜೀವ ತೆಗೆಯಿತು. ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಲಸಿಕೆಯಿಂದ ತಡೆಯಬಹುದಾದ ರೋಗ.

ಮಕ್ಕಳು ಉಳಿದರೆ ಜನಸಂಖ್ಯೆ ಏರುತ್ತದೆಯೇ?

ಆಗುವುದು ಇದಕ್ಕೆ ವಿರುದ್ಧ. ಎಂಟರಲ್ಲಿ ಮೂವರು ಸಾಯಬಹುದು ಎಂಬ ಭಯವಿರುವ ಮನೆಯವರು ಎಂಟು ಹೆರುತ್ತಾರೆ. ಹುಟ್ಟಿದ್ದು ಉಳಿಯುತ್ತದೆ ಎಂಬ ಧೈರ್ಯ ಬಂದರೆ ಎರಡಕ್ಕೆ ನಿಲ್ಲಿಸುತ್ತಾರೆ. 1970ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳಿದ್ದರು, ಈಗ ಎರಡರ ಆಸುಪಾಸು. 2019–21ರ ಸಮೀಕ್ಷೆಯಲ್ಲಿ, ಮಕ್ಕಳ ಸಾವು ಅತಿ ಕಡಿಮೆ ಇರುವ ಕೇರಳದಲ್ಲಿ ಸರಾಸರಿ 1.8, ಕರ್ನಾಟಕದಲ್ಲಿ 1.7 ಇತ್ತು. ಮಕ್ಕಳ ಸಾವು ಹೆಚ್ಚಿರುವ ದೇಶಗಳಲ್ಲೇ ಇಂದು ಜನಸಂಖ್ಯೆ ವೇಗವಾಗಿ ಏರುತ್ತಿದೆ.

ಹಾಗಾದರೆ ನಾವೇನು ಮಾಡಬಹುದು?

ಮನೆಯಲ್ಲಿ: ಹಸುಗೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆಯುವಾಗ ಎದೆಗೂಡು ಒಳಕ್ಕೆ ಹೋಗುತ್ತಿದ್ದರೆ, ಅಂಗಾಲು ಹಳದಿಯಾದರೆ ಯಾರ ಒಪ್ಪಿಗೆಗೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ. ಮಗುವಿಗೆ ಏನೋ ಸರಿಯಿಲ್ಲ ಎಂದು ತಾಯಿ ಹೇಳಿದರೆ ಅದನ್ನು ಮೊದಲ ಲಕ್ಷಣವೆಂದೇ ತಿಳಿಯಿರಿ. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಿ, ವೈದ್ಯರನ್ನು ಕೇಳಿ ಜಿಂಕ್ ಮಾತ್ರೆಯನ್ನೂ ಕೊಡಿ. ಎದೆಹಾಲು ನಿಲ್ಲಿಸಬೇಡಿ.

ಊರಿನಲ್ಲಿ: ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎನ್ನುತ್ತದೆ ಇದೇ ಸಮೀಕ್ಷೆ. ಎಳೆಯ ವಯಸ್ಸಿನ ತಾಯಿಯ ಮಗುವಿಗೆ ಅಪಾಯ ಹೆಚ್ಚು. ಓದು ಬಿಡಿಸಿ ಮದುವೆ ಮಾಡುವುದನ್ನು ತಡೆದರೆ ಇನ್ನೂ ಹುಟ್ಟದ ಮಗುವೊಂದನ್ನು ಉಳಿಸಿದಂತೆ. ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ: ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇದ್ದಾರೆಯೇ? ಅಂಗನವಾಡಿಗೆ ನೀರು ಬರುತ್ತದೆಯೇ? ಆಶಾ ಕಾರ್ಯಕರ್ತೆಗೆ ಗೌರವಧನ ಸಕಾಲಕ್ಕೆ ಸಿಗುತ್ತಿದೆಯೇ? ಕೇಳುವವರು ಇದ್ದಲ್ಲಿ ಬಾಗಿಲು ತೆರೆದಿರುತ್ತದೆ.

ಫೋನಿನಲ್ಲಿ: ಲಸಿಕೆಯಿಂದ ಮಕ್ಕಳು ಸತ್ತರು ಎಂಬ ಸಂದೇಶ ಬಂದರೆ ಯಾವ ಊರು, ಯಾವ ದಿನ, ಯಾರು ಹೇಳಿದ್ದು ಎಂದು ನೋಡಿ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳುಹಿಸಬೇಡಿ. ಅನುಮಾನವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ. ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಮಾತ್ರ ಧೈರ್ಯವಾಗಿ ಫಾರ್ವರ್ಡ್ ಮಾಡಿ. ತಾಯಂದಿರಿಗಷ್ಟೇ ಅಲ್ಲ, ಮನೆಯ ಗಂಡಸರಿಗೂ ಹಿರಿಯರಿಗೂ ಕಳುಹಿಸಿ. ಅನೇಕ ಮನೆಗಳಲ್ಲಿ ಆಸ್ಪತ್ರೆಗೆ ಹೊರಡುವ ತೀರ್ಮಾನ ಇನ್ನೂ ಅವರ ಕೈಯಲ್ಲೇ ಇದೆ.